ಪೈಲ್ಸ್ ಆಪರೇಷನ್ ಆಗಿ ಏಳು ವಾರ, ಉರಿ ಮಾತ್ರ ಹೋಗುತ್ತಿಲ್ಲ

ಬದಿಯಡ್ಕದಿಂದ ಪ್ರಶ್ನೆ: ಅಣ್ಣನಿಗೆ ಮಂಗಳೂರಿನಲ್ಲಿ ಪೈಲ್ಸ್ ಆಪರೇಷನ್ ಆಗಿ ಏಳು ವಾರ ಆಯಿತು. ಹೊರಗೆ ಗಾಯ ಕಾಣುವುದಿಲ್ಲ. ಆದರೆ ಕಕ್ಕಸಿಗೆ ಹೋಗಿ ಬಂದ ಮೇಲೆ ಎರಡು ಗಂಟೆ ಉರಿ, ಸೆಳೆತ. ಸ್ಕೂಟರ್ ಹತ್ತಲಿಕ್ಕಾಗುವುದಿಲ್ಲ. ಗೊತ್ತಿದ್ದವರು ಹೇಳಿ.

ಕುಂಬಳೆ, ಸರ್ಜರಿ ವಾರ್ಡಿನ ನರ್ಸ್: ಕತ್ತರಿಸಿ ತೆಗೆದ ಗಾಯ ಮಾಯಲಿಕ್ಕೆ ನಾಲ್ಕರಿಂದ ಆರು ವಾರ ಬೇಕು. ಮೊದಲ ವಾರ ನೋವು ಜೋರು, ಆಮೇಲೆ ಇಳಿಯುತ್ತಾ ಬರಬೇಕು. ಆರು ವಾರ ದಾಟಿಯೂ ಹೀಗಿದ್ದರೆ ತಾಳಿಕೊಂಡು ಕೂರಬೇಡಿ, ಕಾರಣ ಹುಡುಕಿಸಿ. ಹೋಗುವಾಗ ಗಾಜು ಕೊಯ್ದ ಹಾಗಾಗಿ ಆಮೇಲೆ ಗಂಟೆಗಟ್ಟಲೆ ಸೆಳೆದರೆ ಹೆಚ್ಚಾಗಿ ಫಿಶರ್, ಅಂದರೆ ಬಿರುಕು. ಆ ನೋವಿಗೆ ಒಳಗಿನ ಸ್ನಾಯು ಬಿಗಿದುಕೊಳ್ಳುತ್ತದೆ, ಬಿಗಿದಷ್ಟೂ ರಕ್ತ ಹರಿಯದೆ ಬಿರುಕು ಮಾಯುವುದಿಲ್ಲ. ಮಲ ಪೆನ್ಸಿಲಿನಷ್ಟು ಸಪೂರವಾದರೆ ದಾರಿ ಕಿರಿದಾಗಿರಬಹುದು. ಹಗಲು ರಾತ್ರಿ ಮಿಡಿಯುವ ನೋವು, ಜೊತೆಗೆ ಜ್ವರ ಇದ್ದರೆ ಕೀವಿನ ಸಂಶಯ. ಜ್ವರ, ಮೂತ್ರ ಕಟ್ಟುವುದು, ರಕ್ತದ ಹೆಪ್ಪು ಬೀಳುವುದು, ಮೂರರಲ್ಲಿ ಯಾವುದಾದರೂ ಸರಿ, ಅದೇ ದಿನ ಆಸ್ಪತ್ರೆಗೆ. ಡಿಸ್ಚಾರ್ಜ್ ಕಾಗದದಲ್ಲಿ ಯಾವ ಆಪರೇಷನ್ ಅಂತ ಬರೆದಿದ್ದಾರೆ?

ಮಂಜೇಶ್ವರ, ಮೆಡಿಕಲ್ ಶಾಪ್: ಬಿರುಕು ಅಂತಾದರೆ ಡಾಕ್ಟರು ಬರೆಯುವುದು ಹೆಚ್ಚಾಗಿ ಶೇ. 2ರ ಡಿಲ್ಟಿಯಾಜೆಮ್ ಮುಲಾಮು, ಬಿಗಿದ ಸ್ನಾಯು ಸಡಿಲ ಮಾಡುವುದು. ಬಟಾಣಿ ಕಾಳಿನಷ್ಟು, ದಿನಕ್ಕೆ ಎರಡು ಸಲ, ಗುದದ ಅಂಚಿಗೆ. ಆರರಿಂದ ಎಂಟು ವಾರ. ಹತ್ತು ದಿನಕ್ಕೆ ಉರಿ ಇಳಿಯಿತು ಅಂತ ಬಿಡುವವರೇ ಜಾಸ್ತಿ, ಬಿರುಕು ಮತ್ತೆ ಒಡೆಯುತ್ತದೆ. ಲಿಗ್ನೋಕೇನ್ ಜೆಲ್ಲಿ ಮರಗಟ್ಟಿಸುತ್ತದೆ ಅಷ್ಟೇ, ಗುಣ ಮಾಡುವುದಿಲ್ಲ. ಸ್ಟೀರಾಯ್ಡ್ ಸೇರಿದ ಪೈಲ್ಸ್ ಮುಲಾಮನ್ನು ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ನೋವಿಗೆ ಟ್ರಮಡಾಲ್ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿ, ಅದು ಮಲ ಕಟ್ಟಿಸುತ್ತದೆ.

ಪೆರ್ಲ, ಮನೆಯಲ್ಲಿ ರೋಗಿ ನೋಡಿಕೊಳ್ಳುವವರು: ಪಥ್ಯ ಅಂತ ಬರೀ ಗಂಜಿ, ಉಪ್ಪಿನಕಾಯಿ ಕೊಡುತ್ತಿದ್ದೀರಾ? ನಮ್ಮ ಕಡೆ ಎಡವಟ್ಟಾಗುವುದೇ ಅಲ್ಲಿ, ಅದರಲ್ಲಿ ನಾರು ತೀರಾ ಕಡಿಮೆ. ಗಂಜಿ ಇರಲಿ, ಜೊತೆಗೆ ಬಸಳೆ, ಹರಿವೆ, ಬಾಳೆದಿಂಡಿನ ಪಲ್ಯ, ಬೇಯಿಸಿದ ಹೆಸರುಕಾಳು ಬೇಕು. ಇಸಬ್‌ಗೋಲ್ ಎರಡು ಟೀ ಚಮಚ, ದೊಡ್ಡ ಲೋಟ ನೀರಿಗೆ ಹಾಕಿ ಕಲಸಿದ ಕೂಡಲೇ ಕುಡಿಯಬೇಕು, ಮೇಲಿಂದ ಇನ್ನೊಂದು ಲೋಟ ನೀರು. ನೀರು ಕಡಿಮೆಯಾದರೆ ಅದೇ ಮುದ್ದೆಯಾಗಿ ಕೂತುಬಿಡುತ್ತದೆ. ಮಲ ಕಳಿತ ಬಾಳೆಹಣ್ಣಿನಷ್ಟು ಮೆತ್ತಗಿದ್ದರೆ ಸಾಕು, ನೀರುನೀರಾದರೆ ಅದೂ ಸುಡುತ್ತದೆ.

ಬೇಸಿನ್‌ನಲ್ಲಿ ಮೊಣಕೈ ಅದ್ದಿದರೆ ಹಿತವೆನಿಸುವಷ್ಟು ಬಿಸಿನೀರು ಹಾಕಿ ಹತ್ತು ಹದಿನೈದು ನಿಮಿಷ ಕೂರಿಸಿ. ಕಕ್ಕಸಿನಿಂದ ಬಂದ ಕೂಡಲೇ ಒಂದು ಸಲ, ದಿನಕ್ಕೆ ಒಟ್ಟು ಮೂರು ಸಲ. ಡೆಟ್ಟಾಲ್ ಬೇಡವೇ ಬೇಡ, ಚರ್ಮ ಉರಿಯುತ್ತದೆ. ಸ್ನಾಯು ಸಡಿಲ ಮಾಡುವುದು ಬಿಸಿ. ಆಮೇಲೆ ತಿಕ್ಕಬಾರದು, ಹಳೆಯ ಮೆತ್ತನೆ ಬೈರಾಸಿನಿಂದ ಒತ್ತಿ ಒಣಗಿಸಿ. ನಡುವೆ ತೂತಿರುವ ದಿಂಬು ತರಬೇಡಿ, ತೂತಿನ ಕಡೆಗೆ ಚರ್ಮ ಜಗ್ಗುತ್ತದೆ. ಸಪಾಟು ದಿಂಬೇ ಒಳ್ಳೆಯದು.

ಬದಿಯಡ್ಕ: ಕಾಗದ ನೋಡಿದೆ, ಸ್ಟೇಪ್ಲರ್ ಅಂತ ಬರೆದಿದೆ. ಹೋಗಿ ಬಂದರೂ ಇನ್ನೂ ಹೋಗಬೇಕು ಅನಿಸುತ್ತದಂತೆ.

ಕುಂಬಳೆ: ಹಾಗಾದರೆ ಮುಲಾಮಿಗಿಂತ ಮೊದಲು ಒಳಗೆ ನೋಡಿಸಿ. ಸ್ಟೇಪ್ಲರ್ ಒಳಗೆ ಸಣ್ಣ ಪಿನ್ನುಗಳ ಒಂದು ಸುತ್ತು ಹಾಕುತ್ತದೆ. ಆ ಸುತ್ತು ತೀರಾ ಕೆಳಗೆ, ನೋವು ತಿಳಿಯುವ ಜಾಗಕ್ಕೆ ಹತ್ತಿರ ಬಿದ್ದರೆ, ಅಥವಾ ಪಿನ್ನು ಅಲ್ಲೇ ಚುಚ್ಚುತ್ತಿದ್ದರೆ ಹೀಗೆ ಆಗುವುದುಂಟು. ಪ್ರೊಕ್ಟೋಸ್ಕೋಪ್, ಅಂದರೆ ಗುದದೊಳಗೆ ನೋಡುವ ಸಣ್ಣ ಕೊಳವೆ, ಹಾಕಿದರೆ ಕಾಣುತ್ತದೆ, ಪಿನ್ನು ತೆಗೆಯಲಿಕ್ಕೂ ಆಗುತ್ತದೆ. ಮುಟ್ಟಲಿಕ್ಕೇ ಬಿಡದಷ್ಟು ನೋವಿದ್ದರೆ ಅರಿವಳಿಕೆ ಕೊಟ್ಟು ನೋಡುತ್ತೀರಾ ಅಂತ ಕೇಳಿ. ಮಂಗಳೂರಿಗೆ ಬಸ್ಸು ಬೇಡ, ಕಾರಿನ ಹಿಂದಿನ ಸೀಟಿನಲ್ಲಿ ಮಗ್ಗುಲಾಗಿ ಮಲಗಿಸಿ. ಆ ಕಾಗದ ಮರೆಯದೆ ಹಿಡಿದುಕೊಳ್ಳಿ.