ಎ-ಬೀಟಾ ಪ್ರಯೋಗಕ್ಕೆ ಯಾವ ಕಂಟ್ರೋಲ್ ಪೆಪ್ಟೈಡ್? ಬಳಸಿದವರು ತಿಳಿಸಿ

ಪ್ರಶ್ನೆ: ಕಾರವಾರದ ಸಂಶೋಧನಾ ವಿದ್ಯಾರ್ಥಿನಿ
ಆಲ್ಝೈಮರ್ ಕಾಯಿಲೆಯ ಎ-ಬೀಟಾ 42 ಪೆಪ್ಟೈಡಿನ (42 ಅಮೈನೋ ಆಮ್ಲಗಳ ಸರಪಳಿ) ಹೊಡೆತದಿಂದ ಒಂದೆಲಗದ ಸಾರ ನರಕೋಶಗಳನ್ನು ಕಾಪಾಡುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಹೋಲಿಕೆಗೆ ಬೇಕಾದ ಕಂಟ್ರೋಲ್ ಆಗಿ, ಅದೇ ಅಮೈನೋ ಆಮ್ಲಗಳನ್ನು ಹಿಂದುಮುಂದಾಗಿ ಜೋಡಿಸಿದ ರಿವರ್ಸ್ 42-1 ತರಿಸಲೋ, ಕಲಸಿ ಜೋಡಿಸಿದ ಸ್ಕ್ರ್ಯಾಂಬಲ್ಡ್ ತರಿಸಲೋ ತಿಳಿಯುತ್ತಿಲ್ಲ. ಒಂದಕ್ಕೆ ಮಾತ್ರ ಹಣವಿದೆ. ಮಳೆಗಾಲದಲ್ಲಿ ತರಿಸಬಹುದೇ?

ಶಿರಸಿಯವನು, ಈಗ ಧಾರವಾಡದಲ್ಲಿ
ನಾನು ರಿವರ್ಸ್ ತರಿಸಿದವನು, ಅದರ ಕಹಿ ಇನ್ನೂ ಹೋಗಿಲ್ಲ. ಎ-ಬೀಟಾ 42 ಒಂದು ಮಿಲಿಗ್ರಾಂ 38,400 ರೂಪಾಯಿಗೆ ಬಂತು. 9,000 ಉಳಿಯುತ್ತದೆಂದು ರಿವರ್ಸನ್ನು ಬೇರೆ ಕಂಪನಿಯಿಂದ ತರಿಸಿದೆ. ಮೊದಲನೆಯದು ಹೈಡ್ರೋಕ್ಲೋರೈಡ್ ಲವಣ, ಎರಡನೆಯದು ಟ್ರೈಫ್ಲೋರೋಅಸಿಟೇಟ್ ಲವಣ. ಲವಣ ಬೇರೆಯಾದರೆ ಹೋಲಿಕೆಯೇ ಕೆಡುತ್ತದೆ. ಸರ್ಟಿಫಿಕೇಟಿನ ಮೂಲೆಯಲ್ಲಿದ್ದ ಆ ಒಂದು ಸಾಲು ನನ್ನ ಕಣ್ಣಿಗೆ ಬಿದ್ದದ್ದು ಎಂಟು ತಿಂಗಳ ಮೇಲೆ, ಕಂಟ್ರೋಲ್ ಹಾಕಿದ ಕೋಶಗಳೂ ಯಾಕೆ ಸಾಯುತ್ತಿವೆ ಎಂದು ಹುಡುಕಿ ಹುಡುಕಿ ಸೋತ ನಂತರ. ಅದಕ್ಕಿಂತ ದೊಡ್ಡ ತಪ್ಪು ತೂಕದ್ದು. ಸೀಸೆಯ ಮೇಲೆ 1 ಮಿಲಿಗ್ರಾಂ ಎಂದಿದ್ದರೂ ಅದರಲ್ಲಿ ಲವಣ ಮತ್ತು ನೀರಿನ ಅಂಶ ಸೇರಿರುತ್ತದೆ. ನನ್ನದರಲ್ಲಿ ನಿಜವಾದ ಪೆಪ್ಟೈಡ್ ಶೇ. 71 ಮಾತ್ರ. ಶುದ್ಧತೆ ಶೇ. 95 ಎಂದಿದ್ದುದನ್ನೇ ನೆಚ್ಚಿ ನಾನು 10 ಮೈಕ್ರೋಮೋಲಾರ್ ಸಾಂದ್ರತೆ ಎಂದು ಬರೆದುಕೊಂಡದ್ದೆಲ್ಲ ಏಳರ ಆಸುಪಾಸಿನದು. ಒಂದು ಅಧ್ಯಾಯವನ್ನೇ ಮೊದಲಿಂದ ಬರೆಯಬೇಕಾಯಿತು.

ಕುಮಟಾದವಳು
ಮಳೆಗಾಲದ ಮಾತು ಬಂದದ್ದರಿಂದ ಹೇಳುತ್ತೇನೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ನಾನು ಕಾರವಾರದಲ್ಲಿದ್ದೆ. ಜೀವಗಳೇ ಹೋದ ಹೊತ್ತಿನಲ್ಲಿ ಪಾರ್ಸೆಲ್ಲಿನ ಮಾತಾಡಲು ನನಗೆ ಈಗಲೂ ಸಂಕೋಚವಾಗುತ್ತದೆ. ಮಂಗಳೂರು ಕಡೆಯಿಂದ ಬರಬೇಕಿದ್ದದ್ದು ಒಂಬತ್ತು ದಿನ ತಡವಾಗಿ ಬಂತು, ಡ್ರೈ ಐಸ್ ಚೂರೂ ಉಳಿದಿರಲಿಲ್ಲ. ಆದರೆ ಅದರಿಂದ ಪೆಪ್ಟೈಡ್ ಕೆಟ್ಟಿರಲಿಲ್ಲ. ಒಣಪುಡಿ ಅಷ್ಟು ದಿನ ತಡೆಯುತ್ತದೆ. ಕೆಡಿಸಿದವಳು ನಾನು. ಒಂದು ವಾರ ಮೈನಸ್ 20 ಡಿಗ್ರಿಯಲ್ಲಿಟ್ಟ ಸೀಸೆಯನ್ನು ಹೊರತೆಗೆದ ಕೂಡಲೇ ಮುಚ್ಚಳ ತೆರೆದೆ. ಗಾಜಿನ ಮೇಲೆ ಮಂಜು ಕಟ್ಟಿತು, ಹತ್ತಿಯ ಎಳೆಯಂತಿದ್ದ ಬಿಳಿ ಪುಡಿ ನೋಡನೋಡುತ್ತ ಕುಗ್ಗಿ, ಒದ್ದೆ ಉಪ್ಪಿನ ಹಾಗೆ ತಳಕ್ಕೆ ಅಂಟಿಕೊಂಡಿತು. ಪೆಪ್ಟೈಡ್ ಗಂಟುಕಟ್ಟಿದರೆ ಹೊಳೆಯುವ ಬಣ್ಣ ಥಯೋಫ್ಲಾವಿನ್ ಟಿ ಹಾಕಿ ನೋಡಿದರೆ ಸೊನ್ನೆ ಗಂಟೆಯಲ್ಲೇ ಹೊಳಪು. ನಿಧಾನಕ್ಕೆ ಏರಬೇಕಿದ್ದ ಗೆರೆ ಆರಂಭದಲ್ಲೇ ಮೇಲಿತ್ತು. 36,000 ರೂಪಾಯಿ ಆ ಒಂದು ನಿಮಿಷಕ್ಕೆ ಹೋಯಿತು. ಸೀಸೆಯನ್ನು ತೇವ ತಗಲದ ಡೆಸಿಕೇಟರಿನಲ್ಲಿ ಒಂದು ಗಂಟೆ ಬಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೆಯೇ ತೆರೆಯಬೇಕು.

ಹೊನ್ನಾವರದವನು
ಇಷ್ಟೆಲ್ಲ ಖರ್ಚು ಯಾಕೆಂದು ನನಗೆ ಅರ್ಥವಾಗುವುದಿಲ್ಲ. ನಾನು ಮೂರು ವರ್ಷ ಎ-ಬೀಟಾದ 25ರಿಂದ 35ನೇ ಅಮೈನೋ ಆಮ್ಲದವರೆಗಿನ 25-35 ತುಣುಕನ್ನೂ ಅದರ ರಿವರ್ಸ್ 35-25 ಅನ್ನೂ ಬಳಸಿದೆ. ಹನ್ನೊಂದೇ ಅಮೈನೋ ಆಮ್ಲ, ಎರಡೂ ಸೇರಿ 13,800 ರೂಪಾಯಿ, ಅದೂ ಐದೈದು ಮಿಲಿಗ್ರಾಂ. ಎರಡು ಪ್ರಬಂಧ ಪ್ರಕಟವಾಗಿವೆ. ಬ್ರಾಹ್ಮಿ ಸಾರದ ಪ್ರಯೋಗಕ್ಕೆ ಅದು ಧಾರಾಳ ಸಾಕು.

ಶಿರಸಿಯವನು
ಸಾಕು ಎಂದು ಹೇಳುವುದು ಸುಲಭ. ರೋಗಿಗಳ ಮಿದುಳಿನಲ್ಲಿ ಗಂಟುಕಟ್ಟಿ ಕುಳಿತಿರುವುದು ಮುಖ್ಯವಾಗಿ ಎ-ಬೀಟಾ 42 ಮತ್ತು 40. ನಿಮ್ಮ ತುಣುಕಿನ ಮೇಲೆ ಸಾರ ಕೆಲಸ ಮಾಡಿದರೆ ಪೂರ್ಣ ಪೆಪ್ಟೈಡಿನ ಮೇಲೂ ಮಾಡುತ್ತದೆಂದು ಯಾವ ಆಧಾರದಲ್ಲಿ ಬರೆದಿರಿ? ಅಗ್ಗವಾಗಿದೆ ಎಂಬುದು ವಿಜ್ಞಾನದ ಕಾರಣವಲ್ಲ.

ಹೊನ್ನಾವರದವನು
ಮಾತು ಸ್ವಲ್ಪ ನೋಡಿ ಆಡಿ. 1990ರಲ್ಲಿ ಅಮೆರಿಕದ ವಿಜ್ಞಾನಿ ಯಾಂಕ್ನರ್ ಅವರ ತಂಡ ನರಕೋಶಗಳ ಮೇಲಿನ ವಿಷಪರಿಣಾಮವನ್ನು ತೋರಿಸಿದ್ದು ಈ 25-35 ಭಾಗದಲ್ಲೇ. ಒಂಬತ್ತು ಸಾವಿರ ಉಳಿಸಲು ಹೋಗಿ ಎರಡು ಬಗೆಯ ಲವಣ ಬೆರೆಸಿದವರಿಂದ ಅಗ್ಗದ ಬಗ್ಗೆ ಪಾಠ ಕೇಳುವ ಅಗತ್ಯ ನನಗಿಲ್ಲ.

ಅಂಕೋಲಾದವಳು
ಇಬ್ಬರೂ ದಯವಿಟ್ಟು ನಿಲ್ಲಿಸಿ. ಆಕೆ ಕೇಳಿದ್ದು ಒಂದೆಲಗ, ತಂಬುಳಿ ಮಾಡುವ ಸೊಪ್ಪು, ಅದು ಸೆಂಟೆಲ್ಲಾ. ನೀರುಬ್ರಾಹ್ಮಿ ಬಕೋಪಾ, ಬೇರೆಯೇ ಗಿಡ. ಎರಡನ್ನೂ ಬ್ರಾಹ್ಮಿ ಎಂದು ಬರೆದ ಪ್ರಬಂಧಗಳಿಂದಲೇ ನಾನು ಒಂದು ವರ್ಷ ದಾರಿ ತಪ್ಪಿದ್ದೇನೆ.

ನಾನು ಸ್ಕ್ರ್ಯಾಂಬಲ್ಡ್ ಬಳಸಿದೆ, ಅದಕ್ಕೆ ಪಶ್ಚಾತ್ತಾಪವಿಲ್ಲ. ರಿವರ್ಸ್‌ನಲ್ಲಿ ನೀರಿಗೆ ಒಗ್ಗದ ಅಮೈನೋ ಆಮ್ಲಗಳ ಸಾಲು ಹಾಗೆಯೇ ಒಟ್ಟಾಗಿ ಉಳಿಯುತ್ತದೆ, ಆದ್ದರಿಂದ ಅದೂ ಗಂಟುಕಟ್ಟುವ ಭಯವಿದೆ. ಹಾಗೆಂದು ಸ್ಕ್ರ್ಯಾಂಬಲ್ಡ್ ಎಂಬ ಹೆಸರನ್ನು ನಂಬಿ ಕುಳಿತುಕೊಳ್ಳಲಿಲ್ಲ. ಎಚ್‌ಎಫ್‌ಐಪಿ ಎಂಬ ದ್ರಾವಕದಲ್ಲಿ ಕರಗಿಸುವುದು, ಗಾಳಿ ಹೊರಹೀರುವ ಹುಡ್ಡಿನಲ್ಲಿ ಆರಿಸುವುದು, ಡಿಎಂಎಸ್‌ಒ ಎಂಬ ಇನ್ನೊಂದು ದ್ರಾವಕಕ್ಕೆ ಎತ್ತುವುದು, ಎಲ್ಲವನ್ನೂ ಎರಡಕ್ಕೂ ಒಂದೇ ದಿನ ಮಾಡಿ ಎರಡನ್ನೂ ಥಯೋಫ್ಲಾವಿನ್ ಪರೀಕ್ಷೆಗೆ ಹಾಕಿದೆ. ನನ್ನನ್ನು ಕೆಡವಿದ್ದು ಪೆಪ್ಟೈಡ್ ಅಲ್ಲ, ಸೊಪ್ಪು. ಸಾರ ಹಾಕಿದಾಗ ಹೊಳಪು ಇಳಿಯಿತೆಂದು ಗೈಡ್‌ಗೆ ಸಂಭ್ರಮದಿಂದ ಫೋನ್ ಮಾಡಿದ್ದೆ. ಆಮೇಲೆ, ಮೊದಲೇ ಗಂಟುಕಟ್ಟಿದ ಪೆಪ್ಟೈಡಿಗೆ ಓದುವ ಕ್ಷಣದಲ್ಲಿ ಸಾರ ಹಾಕಿದರೂ ಅಷ್ಟೇ ಇಳಿಯಿತು. ಸಾರದ ಬಣ್ಣವೇ ಬೆಳಕನ್ನು ನುಂಗುತ್ತಿತ್ತು. ಜೀವಂತ ಕೋಶಗಳಿದ್ದರೆ ನೇರಳೆ ಬಣ್ಣ ಬರುವ ಎಂಟಿಟಿ ಪರೀಕ್ಷೆಯಲ್ಲೂ ಅದೇ ಕಥೆ: ಕೋಶವೇ ಇಲ್ಲದ ವೆಲ್ಲಿನಲ್ಲಿ (ತಟ್ಟೆಯ ಗುಳಿಯಲ್ಲಿ) ಸಾರ ಮಾತ್ರ ಹಾಕಿದರೂ ನೇರಳೆ ಬಂತು. ಆ ದಿನ ರಾತ್ರಿ ಊಟ ಸೇರಲಿಲ್ಲ.

ಪ್ರಶ್ನೆ ಕೇಳಿದವಳು
ಎಲ್ಲರಿಗೂ ಕೃತಜ್ಞತೆಗಳು. ಅರ್ಧರ್ಧ ಮಿಲಿಗ್ರಾಂ ಎ-ಬೀಟಾ 42 ಮತ್ತು ಸ್ಕ್ರ್ಯಾಂಬಲ್ಡನ್ನು ಒಂದೇ ಕಂಪನಿಯಿಂದ, ಒಂದೇ ಲವಣದಲ್ಲಿ, ನವೆಂಬರಿನಲ್ಲಿ ತರಿಸುತ್ತೇನೆ. ಅಂಕೋಲಾದ ಅಕ್ಕ, ಸಾರ ಮಾತ್ರ ಹಾಕಿದ ವೆಲ್‌ಗಳನ್ನು ಈ ವಾರವೇ ಮಾಡಿ ನೋಡುತ್ತೇನೆ.

ಕುಮಟಾದವಳು
ನನ್ನಲ್ಲಿ ತೆರೆಯದ ಸ್ಕ್ರ್ಯಾಂಬಲ್ಡ್ ಸೀಸೆ ಒಂದಿದೆ, ಹೈಡ್ರೋಕ್ಲೋರೈಡ್ ಲವಣ, ಮೈನಸ್ 80ರಲ್ಲೇ ಇದೆ. ಅದೇ ಕಂಪನಿಯ ಎ-ಬೀಟಾ 42 ಅದೇ ಲವಣದಲ್ಲಿ ಸಿಗುವುದಾದರೆ ಹೇಳಿ, ನಾನೇ ಕಾರವಾರಕ್ಕೆ ತಂದುಕೊಡುತ್ತೇನೆ.