ಕಣ್ಣಡಿ ಗುಳಿ, ಮೂಗಿನ ಪಕ್ಕದ ಗೆರೆ: ಫಿಲ್ಲರ್ ಹಾಕಿಸಲೋ ಬೇಡವೋ? ಗೊತ್ತಿದ್ದವರು ಹೇಳ್ರಿ

ಪ್ರಶ್ನೆ: ಬಳ್ಳಾರಿ, ಸತ್ಯನಾರಾಯಣಪೇಟೆ

ವಯಸ್ಸು 36. ಒಂದು ವರ್ಷದಲ್ಲಿ 14 ಕೆಜಿ ಇಳಿಸಿದ ಮೇಲೆ ಕಣ್ಣಡಿ ಗುಳಿ ಬಿದ್ದಿದೆ. ಮೂಗಿನ ಪಕ್ಕದಿಂದ ಬಾಯಿ ತುದಿವರೆಗಿನ ಗೆರೆಯೂ ಎದ್ದು ಕಾಣುತ್ತಿದೆ. ಇಲ್ಲೇ ಒಂದು ಕಡೆ ಫಿಲ್ಲರ್‌ಗೆ (ಗುಳಿ ತುಂಬಲು ಚರ್ಮದೊಳಗೆ ಚುಚ್ಚುವ ಜೆಲ್) ಎರಡು ಸಿರಿಂಜ್‌ಗೆ 38,000 ಹೇಳಿದ್ದಾರೆ, ಈ ವಾರ ಬಂದರೆ ಮಾತ್ರ ಆ ರೇಟಂತೆ. ತಮ್ಮನ ಮದುವೆಗೆ ಇನ್ನು 3 ವಾರ ಇದೆ. ಹಾಕಿಸಿಕೊಂಡವರು, ಕರಗಿಸಿಕೊಂಡವರು ಯಾರಾದರೂ ಇದ್ದರೆ ಹೇಳ್ರಿ.

ಉತ್ತರ 1: ಕೊಪ್ಪಳ

ಕಣ್ಣಡಿ ಅಂದ್ರಲ್ಲ ಅಕ್ಕಾರ, ಅದಕ್ಕ ಬರೀಲಿಕ್ಕತ್ತೀನಿ. ಮೊದಲು ರೊಕ್ಕದ ಲೆಕ್ಕ ನೋಡ್ರಿ. 1 ಎಂಎಲ್ ಸಿರಿಂಜ್ 26,000. ಅದರ ಮ್ಯಾಲೆ 18% ಜಿಎಸ್‌ಟಿ 4,680. ದವಾಖಾನಿ ಅಂದಮ್ಯಾಲೆ ಜಿಎಸ್‌ಟಿ ಇರಂಗಿಲ್ಲ ಅಂತ ತಿಳಕೋಬ್ಯಾಡ್ರಿ. ಅಪಘಾತಕ್ಕೋ ಹುಟ್ಟು ನ್ಯೂನತೆಗೋ ಮಾಡಿದ್ರ ವಿನಾಯಿತಿ, ಚೆಂದಕ್ಕ ಮಾಡಿಸಿದ್ರ ಇಲ್ಲ. ಆಮ್ಯಾಲೆ ಕರಗಿಸಲಿಕ್ಕ ಎರಡು ಸಲ, ಸಲಕ್ಕ 5,500. ಬೆಂಗಳೂರಿಗೆ ನಾಕು ಸಲ ಹೋಗಿ ಬರೋದು, ಲಾಡ್ಜು, ಊಟ ಹಿಡಿದು ಸಲಕ್ಕ 3,200. ಒಟ್ಟು 54,480. ಇಷ್ಟು ಖರ್ಚಾಗಿ ಮುಖ ಮೊದಲಿದ್ದಲ್ಲಿಗೇ ಬಂತು.

ತಪ್ಪು ಎಲ್ಲಿ ಆಯ್ತಂದ್ರ, ಎರಡೂ ಕಣ್ಣಿಗೆ 0.5-0.5 ಎಂಎಲ್ ಒಂದೇ ಸಲಕ್ಕ ಹಾಕಿದ್ರು, ಅದೂ ಚರ್ಮದ ಹತ್ತಿರದಾಗ. ಕಣ್ಣಡಿ ಚರ್ಮ ಮೊದಲೇ ತೆಳ್ಳಗ. ಜೆಲ್ ಮ್ಯಾಲೆ ಕುಂತ್ರ ಬೆಳಕು ಚದುರಿ ನೀಲಿ ಛಾಯೆ ಕಾಣತೈತಿ, ಇದಕ್ಕ ಟಿಂಡಾಲ್ ಅಂತಾರ. ಜೆಲ್‌ನಾಗಿರೋ ಹೈಲುರಾನಿಕ್ ಆಸಿಡ್ ನೀರು ಎಳಕೊಳ್ಳೋ ವಸ್ತು, ಅದಕ್ಕ ಮುಂಜಾನೆ ಎದ್ದಾಗ ಕಣ್ಣಡಿ ಚೀಲದಂಗ ಉಬ್ಬಿರತೈತಿ. ಸರಿಯಾದ ಕ್ರಮ ಹಿಂಗೈತಿ: ಮೂಳೆಗೆ ಹತ್ತಿ ಆಳದಾಗ, ಒಂದು ಕಡೆ 0.2 ಇಲ್ಲಾ 0.3 ಎಂಎಲ್ ಹಾಕಿ ನಿಲ್ಲಸೋದು. ನಾಕು ವಾರ ಬಿಟ್ಟು ನೋಡಿ, ಬೇಕಂದ್ರ ಇನ್ನಷ್ಟು.

ಇನ್ನೊಂದು ಮಾತು. ಗುಳಿ ಬ್ಯಾರೆ, ಕಪ್ಪು ಬ್ಯಾರೆ. ಕನ್ನಡಿ ಮುಂದ ನಿಂತು ಬೆಳಕು ನೇರ ಮುಖಕ್ಕ ಬೀಳಂಗ ಹಿಡೀರಿ. ಕಪ್ಪು ಮಾಯಾದ್ರ ಅದು ಗುಳಿಯ ನೆರಳು, ಫಿಲ್ಲರ್‌ಗೆ ಬಗ್ಗತೈತಿ. ಹಂಗೇ ಉಳದ್ರ ಚರ್ಮದ ಬಣ್ಣ. ಅದಕ್ಕ ಎಷ್ಟು ಎಂಎಲ್ ಹಾಕಿದ್ರೂ ರೊಕ್ಕ ಹೋಗೋದು ಅಷ್ಟೇ.

ಉತ್ತರ 2: ರಾಯಚೂರು

ಕಣ್ಣಡಿ ಕೆಟ್ಟಿತು ಅಂತ ಫಿಲ್ಲರೇ ಕೆಟ್ಟದ್ದು ಅನ್ನಬೇಡಿ. ನನ್ನದು ಕೆನ್ನೆ: ಒಂದೊಂದು ಕಡೆ 1 ಎಂಎಲ್, ಎರಡು ಸಿರಿಂಜ್ 48,000, ಜಿಎಸ್‌ಟಿ 8,640, ಒಟ್ಟು 56,640. ಹೈದರಾಬಾದಿನಲ್ಲಿ ಮಾಡಿಸಿದ್ದು, ನಮಗೆ ಬೆಂಗಳೂರಿಗಿಂತ ಅದೇ ಹತ್ತಿರ. ಹದಿನಾರು ತಿಂಗಳಾದರೂ ನಿಂತಿದೆ.

ಮೂಗಿನ ಪಕ್ಕದ ಗೆರೆ ಕಂಡರೆ ಗೆರೆಗೇ ತುಂಬುವುದು ಹಳೆಯ ಪದ್ಧತಿ. ಗೆರೆ ಬೀಳುವುದು ಮೇಲಿನ ಕೆನ್ನೆಯ ಕೊಬ್ಬು ಕರಗಿ ಚರ್ಮ ಕೆಳಗೆ ಜಾರಿದ್ದಕ್ಕೆ. ಮೊದಲು ಕೆನ್ನೆಮೂಳೆಯ ಮೇಲೆ ಗಟ್ಟಿ ಜೆಲ್‌ನಿಂದ ಆಧಾರ ಕೊಟ್ಟರೆ ಗೆರೆ ಅರ್ಧ ತಾನೇ ತಗ್ಗುತ್ತದೆ, ಉಳಿದದ್ದಕ್ಕೆ ಸ್ವಲ್ಪ ಸಾಕು. ಕೆನ್ನೆಗೆ ಹಾಕುವ ಗಟ್ಟಿ ಜೆಲ್ಲನ್ನು ತುಟಿಗೋ ಕಣ್ಣಡಿಗೋ ಹಾಕಿದರೆ ಗಂಟು ಕೈಗೆ ಸಿಗುತ್ತದೆ. ಒಂದೇ ಸಿರಿಂಜ್‌ನಿಂದ ಮುಖವೆಲ್ಲ ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ. 1 ಎಂಎಲ್ ಅಂದರೆ ಟೀ ಚಮಚದ ಐದರಲ್ಲಿ ಒಂದು ಪಾಲು. ಎಷ್ಟು ಕಡೆಗೆ ಹಂಚುತ್ತಾರೆ?

ಉತ್ತರ 3: ಸಿಂಧನೂರು, ಬ್ಯೂಟಿಷಿಯನ್

ಸೂಜಿ ಅಂದರೆ ಭಯ ಇದ್ದವರಿಗೆ ಪೆನ್ ಇದೆ. ಗಾಳಿಯ ಒತ್ತಡದಿಂದ ಜೆಲ್ ಒಳಗೆ ಹೋಗುತ್ತದೆ, ಸೂಜಿಯೇ ಇಲ್ಲ, ರಕ್ತನಾಳದ ಅಪಾಯವೂ ಇಲ್ಲ. ತುಟಿಗೆ 7,000. ಎಲ್ಲರೂ ಡಾಕ್ಟರ ಹತ್ತಿರವೇ 50,000 ಸುರಿಯಬೇಕು ಅಂತ ಎಲ್ಲಿದೆ?

ಉತ್ತರ 4: ಬಳ್ಳಾರಿ, ಚರ್ಮರೋಗ ವಿಭಾಗದ ನರ್ಸ್

ಮೇಲಿನ ಮಾತನ್ನು ಯಾರೂ ನಂಬಬೇಡಿ. ಒತ್ತಡದಿಂದ ಹೊಡೆದಾಗ ಜೆಲ್ ಯಾವ ಪದರಕ್ಕೆ ಹೋಯಿತು, ಎಷ್ಟು ಹೋಯಿತು ಅನ್ನುವುದು ಯಾರ ಹಿಡಿತದಲ್ಲೂ ಇರುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಅಕ್ಟೋಬರ್‌ನಲ್ಲೇ ಸೂಜಿಯಿಲ್ಲದ ಪೆನ್ ಬಳಸಬೇಡಿ ಎಂದು ಎಚ್ಚರಿಸಿದೆ. ಆ ಪೆನ್‌ಗೆ ತುಂಬುವ ಆಂಪ್ಯೂಲ್ ಎಲ್ಲಿಂದ ಬಂದದ್ದು, ಅದರೊಳಗೆ ಏನಿದೆ? ಹೈಲುರಾನಿಕ್ ಆಸಿಡ್ ಆಗಿರದೆ ಸಿಲಿಕೋನ್ ಆಗಿದ್ದರೆ ಅದನ್ನು ಕರಗಿಸುವ ಔಷಧವೇ ಇಲ್ಲ, ಕತ್ತರಿಸಿಯೇ ತೆಗೆಯಬೇಕು.

ಅಕ್ಕ, 38,000ದ ಕಡೆ ದುಡ್ಡಿನ ಮಾತಿಗೆ ಮುಂಚೆ ಒಂದೇ ಪ್ರಶ್ನೆ ಕೇಳಿ: "ಹೈಲುರಾನಿಡೇಸ್ ಎಷ್ಟು ವಯಲ್ ಇಟ್ಟಿದ್ದೀರಿ? ತೋರಿಸಿ." ಜೆಲ್ ಕರಗಿಸುವ ಔಷಧ ಅದು. ಇಲ್ಲಿ ಸಿಗುವುದು 1500 ಯೂನಿಟ್ ವಯಲ್ (ಸೀಸೆ). ಮಾಮೂಲಿ ತಿದ್ದುಪಡಿಗೆ 0.1 ಎಂಎಲ್ ಜೆಲ್‌ಗೆ 5 ಯೂನಿಟ್ ಲೆಕ್ಕ, ಗಟ್ಟಿ ಜೆಲ್‌ಗೆ ಇನ್ನೂ ಹೆಚ್ಚು. ಜೆಲ್ ರಕ್ತನಾಳ ಕಟ್ಟಿದಾಗ ಲೆಕ್ಕವೇ ಬೇರೆ. ತುಟಿಯಷ್ಟು ಜಾಗಕ್ಕೆ 500 ಯೂನಿಟ್. ಮೂಗು, ಹಣೆಗೂ ಹಬ್ಬಿದ್ದರೆ 1000, 1500. ರಕ್ತ ಓಡುವವರೆಗೆ ಇಷ್ಟನ್ನು ಗಂಟೆಗೊಮ್ಮೆ ಮತ್ತೆ ಮತ್ತೆ ಕೊಡಬೇಕು. ಒಂದೇ ವಯಲ್ ಇಟ್ಟುಕೊಂಡವರ ಹತ್ತಿರ, ಹೀಗೆ ಹಬ್ಬಿದ್ದರೆ ಮೊದಲ ಗಂಟೆಗೇ ಔಷಧ ಮುಗಿಯಬಹುದು.

ಕಟ್ಟಿದ್ದು ಗೊತ್ತಾಗುವುದು ಹೀಗೆ. ಚರ್ಮ ಸುಣ್ಣದ ಹಾಗೆ ಬಿಳಿಚುತ್ತದೆ, ಆಮೇಲೆ ಬಲೆಯಂಥ ನೀಲಿ-ಕೆಂಪು ಗುರುತು ಮೂಡುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು-ಮೂರು ಸೆಕೆಂಡಿನಲ್ಲಿ ಬಣ್ಣ ಮರಳಬೇಕು, ತಡವಾದರೆ ಅಪಾಯ. ನೋವಿಲ್ಲ ಎಂದು ಸುಮ್ಮನಿರಬೇಡಿ, ಬಹಳಷ್ಟು ಜೆಲ್‌ನೊಳಗೇ ನೋವು ತಿಳಿಯದಂತೆ ಮಾಡುವ 0.3% ಲಿಡೊಕೇನ್ ಇರುತ್ತದೆ. ಹುಬ್ಬುಗಳ ನಡುವೆ, ಮೂಗು, ಹಣೆ, ನೀವು ಕೇಳಿದ ಮೂಗಿನ ಪಕ್ಕದ ಗೆರೆ, ಇವೆಲ್ಲ ಅಪಾಯದ ಜಾಗಗಳೇ. ಜೆಲ್ ಹಿಮ್ಮುಖವಾಗಿ ಕಣ್ಣಿನ ನಾಳಕ್ಕೆ ಹೋದರೆ ರೆಟಿನಾ (ಕಣ್ಣಿನ ಒಳಪರದೆ) ಉಳಿಸಿಕೊಳ್ಳಲು ಸಿಗುವ ಸಮಯ ಹೆಚ್ಚೆಂದರೆ ಒಂದು, ಒಂದೂವರೆ ಗಂಟೆ. ಬೆಂಗಳೂರು ಇಲ್ಲಿಂದ 300 ಕಿಲೋಮೀಟರ್. ಅಲ್ಲಿ ಹಾಕಿಸಿಕೊಂಡು ಅದೇ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತುವವರು ಇದನ್ನು ಯೋಚಿಸಬೇಕು. ಎರಡು ದಿನ ಅಲ್ಲೇ ಉಳಿಯಿರಿ.

ಜೇನುನೊಣ ಕಚ್ಚಿದರೆ ಮೈಯೆಲ್ಲ ದದ್ದು ಏಳುವವರು ಮೊದಲೇ ಹೇಳಬೇಕು. ಅಂಥವರಿಗೆ ಕರಗಿಸುವ ಔಷಧವೇ ಅಲರ್ಜಿ ಆಗಬಹುದು.

ಉತ್ತರ 5: ಗಂಗಾವತಿ, ದಂತವೈದ್ಯ

ಒಳ್ಳೆಯ ಮಾಹಿತಿ. ಆದರೆ ಚರ್ಮತಜ್ಞರಿಗೆ ಮಾತ್ರ ಮುಖ ಗೊತ್ತು ಎನ್ನುವ ಧಾಟಿ ಸರಿಯಲ್ಲ. ಮುಖದ ನರ, ನಾಳ, ಮೂಳೆಯನ್ನು ದಂತವೈದ್ಯರು ವರ್ಷಗಟ್ಟಲೆ ಓದಿರುತ್ತಾರೆ. ಮ್ಯಾಕ್ಸಿಲೊಫೇಶಿಯಲ್ ಸರ್ಜನ್ ಅಂದರೆ ಮುಖದ ಮೂಳೆಯನ್ನೇ ಜೋಡಿಸುವವರು. ಯಾರೇ ಮಾಡಲಿ, ಕೆನ್ನೆಗೆ 22 ಅಥವಾ 25 ಗೇಜಿನ ಮೊಂಡು ತುದಿಯ ತೆಳು ಕೊಳವೆ (ಕ್ಯಾನುಲಾ) ಬಳಸಿ ನಿಧಾನ ತಳ್ಳಿದರೆ ಅಪಾಯ ಬಹಳ ತಗ್ಗುತ್ತದೆ. ಮತ್ತೆ, ಹಲ್ಲು ಕ್ಲೀನಿಂಗ್, ರೂಟ್ ಕೆನಾಲ್ ಇದ್ದರೆ ಫಿಲ್ಲರ್‌ಗೆ ಎರಡು ವಾರ ಹಿಂದೆ-ಮುಂದೆ ಇಟ್ಟುಕೊಳ್ಳಿ. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಜೆಲ್ ಸುತ್ತ ಕುಳಿತರೆ ತಿಂಗಳುಗಳ ಮೇಲೆ ಗಂಟು ಏಳುತ್ತದೆ.

ಉತ್ತರ 6: ಬಳ್ಳಾರಿ, ಅದೇ ನರ್ಸ್

ಸರ್, ನಾನು ದಂತವೈದ್ಯರ ಹೆಸರೇ ಎತ್ತಿಲ್ಲ. ಆದರೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದ್ದನ್ನು ಮರೆಯಬೇಡಿ: ವರ್ಕ್‌ಶಾಪ್, ಯೂಟ್ಯೂಬ್ ನೋಡಿ ಕಲಿತದ್ದು ಇಂಥ ಚಿಕಿತ್ಸೆಗೆ ತರಬೇತಿ ಎನಿಸಿಕೊಳ್ಳುವುದಿಲ್ಲ. ಶನಿವಾರ-ಭಾನುವಾರದ ಕೋರ್ಸ್ ಮಾಡಿ ಸೋಮವಾರ ಬೋರ್ಡ್ ಹಾಕುವವರು ಎರಡೂ ಕಡೆ ಇದ್ದಾರೆ. ಕ್ಯಾನುಲಾ ಇದ್ದರೂ ನಾಳದೊಳಗೆ ಹೋಗಬಹುದು, ಸಿರಿಂಜ್‌ನ ದಂಡ ಹಿಂದೆಳೆದಾಗ ರಕ್ತ ಬಾರದಿದ್ದರೂ ಸೂಜಿ ನಾಳದೊಳಗೇ ಇರಬಹುದು. ಧೈರ್ಯ ಹೇಳುವಾಗ ಇದನ್ನೂ ಹೇಳಿ.

ಉತ್ತರ 7: ಗಂಗಾವತಿ, ಅದೇ ದಂತವೈದ್ಯ

ತಗ್ಗುತ್ತದೆ ಎಂದೆ, ಇಲ್ಲವೇ ಇಲ್ಲ ಎನ್ನಲಿಲ್ಲ. ಸರಿಯಾಗಿ ಓದಿ.

ಉತ್ತರ 8: ರಾಯಚೂರು, ಔಷಧದಂಗಡಿ

ನೀವಿಬ್ಬರೂ ಜಗಳ ಬಿಡ್ರಿ, ಸರಕಿನ ಮಾತು ಯಾರೂ ಎತ್ತಿಲ್ಲ. ಸಾಮಾನ್ಯ ಬ್ರ್ಯಾಂಡ್‌ಗಳ ಡಬ್ಬಿ ಮೇಲೆ 25 ಡಿಗ್ರಿ ಮೀರಬಾರದು ಅಂತ ಬರೆದಿರತದ, ಫ್ರೀಜರ್‌ನಾಗೂ ಇಡಬಾರದು. ನಮ್ಮ ಕಡೆ ಏಪ್ರಿಲ್-ಮೇದಾಗ 40 ದಾಟತದ. ಬಸ್ ಪಾರ್ಸಲ್‌ನಾಗ ಐಸ್ ಪ್ಯಾಕ್ ಇಲ್ಲದ ಬಂದ ಡಬ್ಬಿ ಡಿಕ್ಕಿಯೊಳಗ ಏನಾಗಿರತದ ಅಂತ ಹೊರಗಿಂದ ಗೊತ್ತಾಗಂಗಿಲ್ಲ. ಯಾವಾಗ ಬಂತು, ಹೆಂಗ ಬಂತು, ಎಲ್ಲಿ ಇಟ್ಟಿದ್ರಿ ಅಂತ ಕೇಳ್ರಿ.

ಡಬ್ಬಿ ನಿಮ್ಮ ಕಣ್ಣೆದುರಿಗೇ ಒಡೀಬೇಕು. ಹೊರದೇಶದ್ದಾದ್ರ ಆಮದು ಮಾಡಿದವರ ಹೆಸರು ವಿಳಾಸ, ಆಮದು ಲೈಸೆನ್ಸ್ ನಂಬರ್, ರೂಪಾಯಿದಾಗ ಎಂಆರ್‌ಪಿ, ಲಾಟ್ ನಂಬರ್, ಮುಗಿಯುವ ತಾರೀಖು ಇರಬೇಕು. ಒಳಗ ಕಿತ್ತು ಅಂಟಿಸೋ ಸ್ಟಿಕ್ಕರ್ ಬರತಾವ. ಒಂದು ಅವರ ಫೈಲಿಗೆ, ಒಂದು ನಿಮ್ಮ ಕೈಗೆ. ನಾಳೆ ಬ್ಯಾರೆ ಊರಿನ ಡಾಕ್ಟರು ಕರಗಿಸಬೇಕಾದ್ರ ಮೊದಲು ಕೇಳೋದೇ ಯಾವ ಜೆಲ್ ಅಂತ. ಹೈಲುರಾನಿಕ್ ಆದ್ರ ಕರಗತದ, ಇನ್ನೊಂದು ನಮೂನಿ ಫಿಲ್ಲರ್ ಕ್ಯಾಲ್ಸಿಯಂ ಹೈಡ್ರಾಕ್ಸಿಲಾಪಟೈಟ್ ಆದ್ರ ಆ ಔಷಧಕ್ಕ ಕರಗಂಗಿಲ್ಲ. 38,000ಕ್ಕ ಎರಡು ಅಂದವರು ಯಾವ ಹೆಸರಿನದ್ದು ಅಂತ ಹೇಳ್ಯಾರೇನು?

ಉತ್ತರ 9: ರಾಯಚೂರು, ಕೆನ್ನೆಯವರು

ಸ್ಟಿಕ್ಕರ್ ಮಾತು ಸರಿ. ಅದರ ಜೊತೆಗೆ ಉಳಿದ ಅರ್ಧ ಸಿರಿಂಜನ್ನು ಟಚ್‌ಅಪ್‌ಗೆ ಎತ್ತಿಡುತ್ತೇವೆ ಎಂದರೆ ಬೇಡ ಅನ್ನಿ. ಒಮ್ಮೆ ಒಡೆದದ್ದು ಅವತ್ತಿಗೇ ಮುಗಿಯಿತು.

ಉತ್ತರ 10: ಸಿಂಧನೂರು, ಬ್ಯೂಟಿಷಿಯನ್

ಇಬ್ಬರು ಗೆಳತಿಯರು ಒಂದು ಸಿರಿಂಜ್ ಹಂಚಿಕೊಂಡರೆ ತಪ್ಪೇನು? ಸೂಜಿ ಬದಲಿಸುತ್ತಾರಲ್ಲ.

ಉತ್ತರ 11: ಬಳ್ಳಾರಿ, ಅದೇ ನರ್ಸ್

ಸೂಜಿ ಬದಲಿಸಿದರೂ ಸಿರಿಂಜ್ ಅದೇ! ರಕ್ತ ಹಿಂದಕ್ಕೆ ಬಂದಿದ್ದರೆ ಒಳಗಿನ ಜೆಲ್‌ಗೇ ಸೇರಿರುತ್ತದೆ. ಹೆಪಟೈಟಿಸ್ ಬಿ, ಎಚ್‌ಐವಿ ಹರಡುವುದು ಹೀಗೆ. ದಯವಿಟ್ಟು ಇದನ್ನು ನಿಮ್ಮ ಗಿರಾಕಿಗಳಿಗೆ ಹೇಳಬೇಡಿ.

ಉತ್ತರ 12: ಸಿರುಗುಪ್ಪ

ಇಷ್ಟೆಲ್ಲ ಯಾಕೆ ಬೇಕು? ವರ್ಷಕ್ಕೆ ಕರಗಿಹೋಗುವುದಕ್ಕೆ 38,000. ಮುಖಕ್ಕೆ ಬಾದಾಮಿ ಎಣ್ಣೆ ತಿಕ್ಕಿದರೆ ಸಾಕು.

ಉತ್ತರ 13: ಕೊಪ್ಪಳ

ಎಣ್ಣಿ ತಿಕ್ಕಿದ್ರ ಕೊಬ್ಬು ತಿರುಗಿ ಬರಂಗಿಲ್ರಿ ಅಣ್ಣಾರ. ವರ್ಷಕ್ಕ ಕರಗತೈತಿ ಅನ್ನೋದೂ ಪೂರ್ತಿ ಖರೆ ಅಲ್ಲ. ತುಟಿದು ಆರು ತಿಂಗಳಿಂದ ವರ್ಷ, ಕೆನ್ನಿದು ಒಂದೂವರೆ ವರ್ಷ ಅಂತ ಹೇಳ್ತಾರ, ಆದ್ರ ಎಂಆರ್‌ಐದಾಗ ವರ್ಷಗಟ್ಟಲೆ ಆದಮ್ಯಾಲೂ ಜೆಲ್ ಕಂಡದ್ದು ಐತಿ. ಕಣ್ಣಡಿದಂತೂ ಲಗೂನ ಕರಗೋದಿಲ್ಲ. ಅದರ ಮ್ಯಾಲೆ ವರ್ಷಾ ವರ್ಷಾ ಹಾಕ್ಕೋತ ಹೋದ್ರ ಮುಖ ಉಬ್ಬತೈತಿ.

ಉತ್ತರ 14: ರಾಯಚೂರು, ಕೆನ್ನೆಯವರು

ಮದುವೆ 3 ವಾರ ಎಂದು ಬರೆದಿದ್ದಾರೆ, ಅದನ್ನು ಯಾರೂ ಮುಟ್ಟಲೇ ಇಲ್ಲ. ಊತ ಇಳಿಯಲು ಎರಡು-ಮೂರು ದಿನ, ಕಲೆ ಮಾಯಲು ಏಳರಿಂದ ಹತ್ತು ದಿನ, ಜೆಲ್ ಕೂರಲು ಎರಡು ವಾರ. ಎಲ್ಲ ಸರಿಹೋದರೆ ಮೂರು ವಾರ ಸಾಕು. ಒಂದು ಕಡೆ ಹೆಚ್ಚು-ಕಡಿಮೆ ಆದರೆ ತಿದ್ದಲು ಸಮಯವೇ ಇಲ್ಲ. ಆರು ವಾರ ಬೇಕು. ಎರಡು ವಾರ ಫೇಶಿಯಲ್, ಮುಖದ ಮಸಾಜ್ ಬೇಡ. ಅರಿಶಿಣ ಹಚ್ಚುವಾಗ ಕೆನ್ನೆಯನ್ನು ಯಾರೂ ಗಟ್ಟಿಯಾಗಿ ತಿಕ್ಕದ ಹಾಗೆ ನೋಡಿಕೊಳ್ಳಿ. ಮೊದಲ ಎರಡು ದಿನ ಒಲೆಯ ಬಿಸಿ, ಬಿಸಿಲು ಎರಡೂ ಬೇಡ.

ಉತ್ತರ 15: ಬಳ್ಳಾರಿ, ಅದೇ ನರ್ಸ್

ಇಬುಪ್ರೊಫೆನ್, ಮೀನೆಣ್ಣೆ, ವಿಟಮಿನ್ ಇ ತೆಗೆದುಕೊಳ್ಳುತ್ತಿದ್ದರೆ ಒಂದು ವಾರ ಮೊದಲೇ ಡಾಕ್ಟರಿಗೆ ಹೇಳಿ, ಕಲೆ ಹೆಚ್ಚುತ್ತದೆ. ಹೃದಯಕ್ಕೆ ಆಸ್ಪಿರಿನ್ ಇದ್ದರೆ ನೀವಾಗಿ ನಿಲ್ಲಿಸಬೇಡಿ. ತುಟಿ ಸುತ್ತ ಬೊಕ್ಕೆ ಏಳುವ ಹರ್ಪಿಸ್ ಇದ್ದರೆ ಮೊದಲೇ ಮಾತ್ರೆ ಶುರು ಮಾಡಬೇಕಾಗುತ್ತದೆ. ಬಸುರಿ, ಬಾಣಂತಿಯರಿಗೆ ಮಾಡುವುದಿಲ್ಲ. ಇನ್ನೊಂದು: ತೂಕ ಇನ್ನೂ ಇಳಿಯುತ್ತಿದ್ದರೆ ಈಗ ಹಾಕಿದ ಅಳತೆ ನಾಲ್ಕು ತಿಂಗಳಿಗೆ ತಪ್ಪುತ್ತದೆ. ತೂಕ ನಿಂತ ಮೇಲೆ ಬನ್ನಿ.

ಪ್ರಶ್ನೆ ಕೇಳಿದವರು: ಬಳ್ಳಾರಿ

ಫೋನ್ ಮಾಡಿ ಕೇಳಿದೆ. ಜೆಲ್‌ನ ಹೆಸರು ಹೇಳಲಿಲ್ಲ, 'ಕೊರಿಯಾದ್ದು' ಎಂದಷ್ಟೇ ಅಂದರು. ಹೈಲುರಾನಿಡೇಸ್ ಬಗ್ಗೆ ಕೇಳಿದರೆ 'ಬೇಕಾದರೆ ತರಿಸುತ್ತೇವೆ' ಎಂದರು.

ಉತ್ತರ 16: ರಾಯಚೂರು, ಔಷಧದಂಗಡಿ

ಎಲ್ಲಿಂದ ತರಸ್ತಾರಂತ? ಕೇಳ್ರಿ ಅಕ್ಕಾರ. ಮೋತಿಬಿಂದು ಆಪರೇಷನ್‌ಗೆ ಕಣ್ಣಿನ ದವಾಖಾನಿಯವರು ಅದೇ ಔಷಧ ಇಟ್ಟಿರತಾರ, ಆದ್ರ ರಾತ್ರಿ ಹತ್ತಕ್ಕ ಯಾರು ಬಾಗಿಲು ತೆಗೀತಾರ?

ಉತ್ತರ 17: ಸಿಂಧನೂರು, ಬ್ಯೂಟಿಷಿಯನ್

ಕೊರಿಯಾದ್ದು ಅಂದ ಮಾತ್ರಕ್ಕೆ ಕೆಟ್ಟದ್ದು ಅನ್ನುವುದು ತಪ್ಪು.

ಉತ್ತರ 18: ರಾಯಚೂರು, ಔಷಧದಂಗಡಿ

ಕೊರಿಯಾದ್ದಂತ ಯಾರೂ ಕೆಟ್ಟದ್ದು ಅಂದಿಲ್ಲ. ಹೆಸರು, ಲಾಟ್ ನಂಬರ್, ಆಮದು ಲೈಸೆನ್ಸ್ ಇದ್ದ ಡಬ್ಬಿ ತೋರಸಲಿ. ತೋರಸದಿದ್ರ ಮುಂಗಡ ರೊಕ್ಕ ಕೊಡಬ್ಯಾಡ್ರಿ ಅಕ್ಕಾರ.