ಚಳಿಯಲ್ಲಿ ಏರ್ ಇನ್‌ಟೇಕ್ ಹಾಕುವಾಗ ಹಳೆ ಹೋಸ್ ಬರ್ತಿಲ್ಲ

ಯಲಹಂಕ ಡ್ರೈವರ್:
ಜೆ.ಸಿ. ರೋಡ್‌ನಿಂದ ಕೋಲ್ಡ್ ಏರ್ ಇನ್‌ಟೇಕ್ ಕಿಟ್ (ಇಂಜಿನ್‌ಗೆ ಹೊರಗಿನ ತಣ್ಣನೆ ಗಾಳಿ ಕೊಡೋ ಪೈಪ್, ಫಿಲ್ಟರ್) ತಂದಿದ್ದೇನೆ. ಬೆಳಗ್ಗೆ ಆರಕ್ಕೇ ಕೆಲಸ ಶುರು ಮಾಡಬೇಕು, ಆಮೇಲೆ ಮನೆ ಓನರ್ ಕಾರು ಹೊರಗೆ ತೆಗೆಯುತ್ತಾರೆ. ಡಿಸೆಂಬರ್‌ನಲ್ಲಿ ಯಲಹಂಕದ ಚಳಿ ಗೊತ್ತಲ್ವಾ! ಹಳೆ ರಬ್ಬರ್ ಹೋಸ್ ಕಲ್ಲಿನ ಹಾಗೆ ಕೂತಿದೆ. ಜೋರಾಗಿ ಎಳೆದರೆ ಪ್ಲಾಸ್ಟಿಕ್ ಕ್ಲಿಪ್ ಮುರಿಯುತ್ತಾ?

ಗ್ಯಾರೇಜ್ ಮಾವ:
ಮುರಿಯುತ್ತದೆ. ಸುಮ್ನೆ ಎಳೀಬೇಡಿ. ಮನೇಲಿರೋ ಹೇರ್ ಡ್ರೈಯರ್ ಹಿಡಿದು ಹೋಸ್‌ನ ತುದಿ ಸ್ವಲ್ಪ ಬಿಸಿ ಮಾಡಿ, ಆಮೇಲೆ ತಿರುಗಿಸುತ್ತಾ ಬಿಡಿಸಿ. ಹೀಟ್ ಗನ್ ಬೇಡ, ಪ್ಲಾಸ್ಟಿಕ್ ಕರಗುತ್ತದೆ. ಬಿಸಿಯಾಗಲಿ ಅಂತ ಇಂಜಿನ್ ಓಡಿಸಲೂಬೇಡಿ, ಕೈ ಸುಟ್ಟುಕೊಳ್ಳುತ್ತೀರಿ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಏರ್ ಫ್ಲೋ ಸೆನ್ಸರ್ (ಇಂಜಿನ್‌ಗೆ ಹೋಗೋ ಗಾಳಿ ಅಳೆಯೋದು) ಇದ್ದರೆ ಅದರ ಮೇಲಿನ ಬಾಣ ಇಂಜಿನ್ ಕಡೆಗಿರಬೇಕು. ಎಣ್ಣೆ ಹಚ್ಚುವ ಫಿಲ್ಟರಾ? ಎಣ್ಣೆ ಜಾಸ್ತಿಯಾದರೆ ಸೆನ್ಸರ್ ಕೆಡುತ್ತದೆ.

ಸಿಲ್ಕ್ ಬೋರ್ಡ್ ಸಂತ್ರಸ್ತ:
ತಣ್ಣನೆ ಗಾಳಿಯಲ್ಲಿ ಆಮ್ಲಜನಕ ಜಾಸ್ತಿ, ನಿಜ. ಆದರೆ ನಮ್ಮ ಟ್ರಾಫಿಕ್‌ನಲ್ಲಿ ನಿಂತಾಗ ಬಾನೆಟ್ ಒಳಗಿನ ಬಿಸಿ ಗಾಳಿಯೇ ಗತಿ! ಫಿಲ್ಟರ್ ಬಂಪರ್ ಹತ್ತಿರ ಕೆಳಗೆ ಕೂರುತ್ತಾ? ಹಾಗಿದ್ದರೆ ಮಳೆಗಾಲದಲ್ಲಿ ಅಂಡರ್‌ಪಾಸ್‌ಗೆ ಇಳಿಸಬೇಡಿ. ನೀರು ಎಳೆದುಕೊಂಡರೆ ಇಂಜಿನ್ನೇ ಹೋಗುತ್ತದೆ.

ಯಲಹಂಕ ಡ್ರೈವರ್:
ಹೌದು ಸಾರ್, ಫಾಗ್ ಲ್ಯಾಂಪ್ ಹಿಂದೆಯೇ ಕೂರುತ್ತದೆ. ಫಿಲ್ಟರ್ ಮೇಲೆಯೇ ಇರಲಿ ಅಂತ ಉದ್ದ ಪೈಪ್ ಬಿಟ್ಟು ಗಿಡ್ಡದ್ದನ್ನೇ ಹಾಕುತ್ತೇನೆ. ಡ್ರೈಯರ್ ಕೇಳಿದ್ದಕ್ಕೆ ಹೆಂಡತಿ ಗುರಾಯಿಸುತ್ತಿದ್ದಾಳೆ.